ಮೂಟೆಯ ಅಡಿಗೆ ಯಾವ ಮಣೆ? ಮೂಟೆಗೆ ಯಾವ ಗೋದಾಮು?



ಯಳಂದೂರಿನ ಗದ್ದೆಬಯಲಿನಲ್ಲಿ ಭತ್ತದ ಒಕ್ಕಣೆ ಮುಗಿಯುವ ಹೊತ್ತಿಗೆ, ಹನೂರಿನ ಬೆದ್ದಲಿನಲ್ಲಿ ರಾಗಿ ಕಣಕ್ಕೆ ಬಂದು, ಮುಸುಕಿನ ಜೋಳದ ತೆನೆ ಬಿಡಿಸಿ, ಮನೆಯ ಪಡಸಾಲೆ ಮೂಟೆಗಳಿಂದ ತುಂಬಿಹೋಗಿರುತ್ತದೆ. ಎಲ್ಲರ ಮಾಲೂ ಒಂದೇ ಸಮಯಕ್ಕೆ ಪೇಟೆಗೆ ಬರುವುದರಿಂದ ಆಗ ಧಾರಣೆ ಕೆಳಗಿರುವುದು ನಿಮಗೆ ತಿಳಿದ ವಿಷಯವೇ. ಮೂರು ನಾಲ್ಕು ತಿಂಗಳು ತಡೆದು ಮಾರುವ ಶಕ್ತಿ ಇರುವವರು ಗೋದಾಮು ಹುಡುಕುತ್ತಾರೆ. ಹುಡುಕುವಾಗ ಬಾಡಿಗೆ ಎಷ್ಟು, ಬೀಗ ಭದ್ರವೇ, ಲಾರಿ ಬಾಗಿಲವರೆಗೆ ಬರುತ್ತದೆಯೇ ಎಂದು ಮಾತ್ರ ವಿಚಾರಿಸುತ್ತಾರೆ. ಮೂಟೆಗಳ ಅಡಿಗೆ ಏನು ಹಾಸಿದ್ದಾರೆ ಎಂದು ಬಗ್ಗಿ ನೋಡುವವರು ಬಹಳ ಕಡಿಮೆ. ಆದರೆ ಗೋದಾಮಿನಲ್ಲಿ ಧಾನ್ಯ ಕೆಡಲು ಆರಂಭವಾಗುವುದು ಬಹುಮಟ್ಟಿಗೆ ಆ ಕೆಳಸಾಲಿನಿಂದಲೇ.

ಒಂದು ಸಣ್ಣ ಲೆಕ್ಕ ನೋಡಿ. ನಿಮ್ಮದು 50 ಕಿಲೋಗ್ರಾಮಿನ 100 ಚೀಲ ರಾಗಿ ಎಂದಿಟ್ಟುಕೊಳ್ಳಿ. ಸಾಲಿಗೆ 10 ಚೀಲದಂತೆ 10 ಸಾಲು ಎತ್ತರಕ್ಕೆ ಅಟ್ಟಿ ಕಟ್ಟಿದರೆ, ನೆಲಕ್ಕೆ ತಾಗುವುದು 10 ಚೀಲ. ನೆಲದ ತೇವಕ್ಕೆ ಆ 10 ಚೀಲ ಗಟ್ಟಿ ಹೆಂಟೆಯಾದರೆ ಬೆಳೆಯ ಹತ್ತನೆಯ ಒಂದು ಪಾಲು ಹೋಯಿತು. ಅಷ್ಟೇ ಅಲ್ಲ, ಅದರ ಮುಗ್ಗಲು ವಾಸನೆ ಮೇಲಿನ ಚೀಲಗಳಿಗೂ ಹತ್ತಿ, ಕೊಳ್ಳುವವನು ಇಡೀ ಅಟ್ಟಿಗೇ ಬೆಲೆ ಇಳಿಸುತ್ತಾನೆ. ಮಲಗಿಸಿದ ಚೀಲವೊಂದಕ್ಕೆ ಸುಮಾರು ಮೂರಡಿ ಉದ್ದ, ಎರಡಡಿ ಅಗಲದ ಜಾಗ ಬೇಕು. ಹತ್ತು ಚೀಲಕ್ಕೆ 60 ಚದರ ಅಡಿ. ಐದಡಿ ಉದ್ದ, ಮೂರಡಿ ಅಗಲದ ಮರದ ಚೌಕಟ್ಟು ನಾಲ್ಕೇ ನಾಲ್ಕು ಇದ್ದರೆ ಆ ಜಾಗ ಪೂರ್ತಿ ಮುಚ್ಚುತ್ತದೆ. ನಾಲ್ಕು ಚೌಕಟ್ಟು ಹತ್ತು ಚೀಲವನ್ನು ಉಳಿಸುತ್ತವೆ.

ಈ ಚೌಕಟ್ಟಿಗೆ ಗೋದಾಮಿನವರು ಪ್ಯಾಲೆಟ್ ಎಂದೋ ಕ್ರೇಟ್ ಎಂದೋ ಹೇಳುತ್ತಾರೆ. ಈ ಲೇಖನದಲ್ಲಿ ನಾವು ಅಡಿಮಣೆ ಎಂದು ಕರೆಯೋಣ.

ತೇವ ಬರುವುದು ಎಲ್ಲಿಂದ?

"ಸಿಮೆಂಟ್ ನೆಲ ಹಾಕಿಸಿದ್ದೇವೆ, ತೇವ ಎಲ್ಲಿಂದ ಬಂತು?" ಎಂದು ಅನೇಕರು ಕೇಳುತ್ತಾರೆ. ಸಿಮೆಂಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಇವು ಮಣ್ಣಿನ ನೀರನ್ನು ಎಳೆದುಕೊಳ್ಳುತ್ತವೆ. ಬರಿಯ ನೆಲದಲ್ಲಿ ಅದು ಆವಿಯಾಗಿ ಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಮೇಲೆ ಮೂಟೆ ಹೇರಿದೊಡನೆ ಆವಿ ಹೋಗಲು ದಾರಿಯಿಲ್ಲದೆ ಚೀಲದೊಳಕ್ಕೆ ಸೇರುತ್ತದೆ. ಇದರ ಜೊತೆಗೆ, ಚಳಿಗಾಲದ ರಾತ್ರಿಗಳಲ್ಲಿ ನೆಲ ತಣ್ಣಗಾದಾಗ, ಒಳಗಿನ ಬೆಚ್ಚನೆಯ ಗಾಳಿಯ ತೇವವೂ ಅಲ್ಲೇ ಹನಿಗಟ್ಟುತ್ತದೆ.

ಗೋದಾಮಿನ ನೆಲ ಒಣಗಿದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮೂರಡಿ ಚೌಕದ ಪಾಲಿಥೀನ್ ಹಾಳೆಯೊಂದನ್ನು ನೆಲದ ಮೇಲೆ ಹರಡಿ, ನಾಲ್ಕು ಅಂಚಿಗೂ ಅಂಟುಪಟ್ಟಿ ಹಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಿ. ಮರುದಿನ ಎತ್ತಿದಾಗ ಹಾಳೆಯ ಅಡಿಯಲ್ಲಿ ಹನಿ ಕಂಡರೆ, ಅಥವಾ ಅಲ್ಲಿನ ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ, ಆ ನೆಲ ನೀರು ಎಳೆಯುತ್ತಿದೆ ಎಂದು ತಿಳಿಯಿರಿ. ಮಳೆಗಾಲದಲ್ಲಿ ಮಾಡಿದ ಪರೀಕ್ಷೆಗೇ ಹೆಚ್ಚು ಬೆಲೆ. ಮಾರ್ಚಿಯಲ್ಲಿ ಯಾವ ಗೋದಾಮೂ ಒಣಗಿಯೇ ಇರುತ್ತದೆ!

ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲೇ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಅದು ಕೆಡಲಿಲ್ಲವೇ ಎಂದು ನೀವು ಕೇಳಬಹುದು. ಹಗೇವು ತೋಡುತ್ತಿದ್ದುದು ನೀರು ನಿಲ್ಲದ ಗಟ್ಟಿ ತಿಟ್ಟಿನಲ್ಲಿ. ಸುತ್ತ ಒಣ ಹುಲ್ಲಿನ ಹೊದಿಕೆ ಇರುತ್ತಿತ್ತು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗೆ ಗಾಳಿಯೇ ಇಲ್ಲದ್ದರಿಂದ ಹುಳು ಬದುಕುತ್ತಿರಲಿಲ್ಲ. ಗೋದಾಮಿನಲ್ಲಿ ಗಾಳಿ ಇದ್ದೇ ಇರುತ್ತದೆ. ಆದ್ದರಿಂದ ಅಲ್ಲಿ ಆ ಗಾಳಿ ಮೂಟೆಯ ಅಡಿಯಲ್ಲೂ ಆಡುವಂತೆ ಮಾಡುವುದೊಂದೇ ದಾರಿ.

ಮರದ ಮಣೆ

ನಮ್ಮ ಕಡೆಗೆ ಎಲ್ಲಕ್ಕಿಂತ ಹೊಂದುವುದು ಮರದ ಅಡಿಮಣೆಯೇ. ಊರಿನ ಬಡಗಿಯೇ ಮಾಡಿಕೊಡಬಲ್ಲ, ಮುರಿದರೆ ರಿಪೇರಿಯೂ ಸುಲಭ. ನೆಲದಿಂದ ಮೇಲಿನ ಹಲಗೆಗೆ ಕನಿಷ್ಠ ನಾಲ್ಕು ಅಂಗುಲ ಎತ್ತರವಿರಲಿ. ಅಷ್ಟಿದ್ದರೆ ಕೆಳಗೆ ಗಾಳಿ ಆಡುವುದಲ್ಲದೆ, ಕಡ್ಡಿಪೊರಕೆ ತೂರಿಸಿ ಗುಡಿಸಲೂ ಆಗುತ್ತದೆ. ಹಲಗೆಗಳ ನಡುವೆ ಎರಡು ಅಂಗುಲಕ್ಕಿಂತ ಹೆಚ್ಚು ಸಂದು ಬಿಡಬಾರದು. ಬಿಟ್ಟರೆ ಕೆಳಚೀಲ ಸಂದಿನಲ್ಲಿ ಜೋತುಬಿದ್ದು ಹೊಲಿಗೆ ಬಿಚ್ಚುತ್ತದೆ. ಮೊಳೆಯ ತಲೆ ಮರದೊಳಗೆ ಇಳಿದಿರಬೇಕು. ಅಡಿಪಟ್ಟಿಗಳು ಬಾಗಿಲಿನಿಂದ ಗವಾಕ್ಷಿಯ ಕಡೆಗೆ ಗಾಳಿ ಬೀಸುವ ದಿಕ್ಕಿಗೇ ಇರುವಂತೆ ಮಣೆಗಳನ್ನು ಜೋಡಿಸಬೇಕು. ಅಡ್ಡ ಜೋಡಿಸಿದರೆ ಪಟ್ಟಿಗಳೇ ಗಾಳಿಗೆ ಗೋಡೆಯಾಗುತ್ತವೆ.

ಭಾರದ ಅಂದಾಜೂ ಇರಲಿ. ಐದಡಿ ಮೂರಡಿಯ ಮಣೆಯ ಮೇಲೆ ಒಂದು ಸಾಲಿಗೆ ಎರಡೂವರೆ ಚೀಲದ ಪಾಲು ಬೀಳುತ್ತದೆ. 50 ಕಿಲೋ ಚೀಲ 10 ಸಾಲಾದರೆ ಆ ಒಂದು ಮಣೆಯೇ 1250 ಕಿಲೋಗ್ರಾಮ್ ಹೊರಬೇಕು. ತರಕಾರಿ ಪೆಟ್ಟಿಗೆಯ ತೆಳು ಹಲಗೆಯಿಂದ ಮಾಡಿದ ಮಣೆ ಇದನ್ನು ತಡೆಯಲಾರದು. ಅದು ಒಂದು ಮೂಲೆಯಲ್ಲಿ ಮುರಿದರೆ ಅಟ್ಟಿಯೇ ವಾಲಿ, ಕೆಳಗಿರುವ ಹಮಾಲಿಯ ಪ್ರಾಣಕ್ಕೆ ಕುತ್ತು.

ಹಸಿಮರದಿಂದ ಮಣೆ ಮಾಡಿಸಬೇಡಿ. ನೆಲದ ತೇವ ತಪ್ಪಿಸಲು ಹೋಗಿ ಮರದ ತೇವವನ್ನೇ ಚೀಲಕ್ಕೆ ಕೊಟ್ಟಂತಾಗುತ್ತದೆ. ಎರಡು ತುಂಡು ಹಲಗೆಗಳನ್ನು ಒಂದಕ್ಕೊಂದು ತಟ್ಟಿನೋಡಿ. ಒಣಮರ ಠಣ್ಣೆನ್ನುತ್ತದೆ, ಹಸಿಮರ ದಪ್ಪೆನ್ನುತ್ತದೆ. ಮಾವಿನ ಮರ ಅಗ್ಗ, ಆದರೆ ಕುಟ್ಟೆ ಹುಳು ಬೇಗ ಹಿಡಿಯುತ್ತದೆ. ನೀಲಗಿರಿ ಒಣಗುವಾಗ ಸೀಳುತ್ತದೆ. ಸೀಳು, ಬಿರುಕುಗಳೇ ಧಾನ್ಯದ ಹುಳುಗಳ ಮನೆ. ಕಪ್ರಾ ದುಂಬಿಯ ಮರಿಗಳಂತೂ ಇಂಥ ಬಿರುಕಿನಲ್ಲಿ ಆಹಾರವಿಲ್ಲದೆಯೂ ವರ್ಷಗಟ್ಟಲೆ ಅಡಗಿದ್ದು, ಹೊಸ ಮಾಲು ಬಂದೊಡನೆ ಹೊರಬರುತ್ತವೆ. ಗೋದಾಮು ಖಾಲಿ ಇದ್ದಾಗಲೇ ಮಣೆಯ ಬಿರುಕುಗಳನ್ನು ಕಡ್ಡಿಯಿಂದ ಕೆದಕಿ, ಕೊಡವಿ, ಒಳ್ಳೆಯ ಬಿಸಿಲಿಗೆ ಎರಡೂ ಮಗ್ಗುಲು ಒಣಗಿಸಬೇಕು.

ಗೆದ್ದಲಿಗೆ ಹೆದರಿ ಹಲವರು ಮಣೆಗೆ ಟ್ರಾಕ್ಟರಿನ ಹಳೇ ಎಂಜಿನ್ ಎಣ್ಣೆ ಬಳಿಯುತ್ತಾರೆ. ಇದನ್ನು ಖಂಡಿತ ಮಾಡಬಾರದು. ಅಕ್ಕಿ, ರಾಗಿ ಎರಡೂ ವಾಸನೆಯನ್ನು ಎಳೆದುಕೊಳ್ಳುತ್ತವೆ. ಹಳೆಯ ಕೈಪಿಡಿಗಳಲ್ಲಿ ಬಿ.ಎಚ್.ಸಿ. ಪುಡಿ ಉದುರಿಸುವ ಸಲಹೆಯನ್ನು ನೀವು ಓದಿರಬಹುದು. ಅದನ್ನು ದೇಶದಲ್ಲಿ 1997ರಿಂದಲೇ ನಿಷೇಧಿಸಲಾಗಿದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಡಬ್ಬಿ ಉಳಿದಿದ್ದರೆ ಅದು ಧಾನ್ಯದ ಹತ್ತಿರ ಸುಳಿಯಬಾರದು.

ಗುಜರಿ ಮಣೆಯ ಅಪಾಯ

ಕಾರ್ಖಾನೆಗಳಲ್ಲಿ ಯಂತ್ರ, ರಾಸಾಯನಿಕ, ಬಣ್ಣ ಮುಂತಾದವು ಬಂದಿಳಿದ ಮರದ ಪ್ಯಾಲೆಟ್‌ಗಳು ಗುಜರಿ ಅಂಗಡಿಗೆ ಅಗ್ಗವಾಗಿ ಬರುತ್ತವೆ. ಗಟ್ಟಿಮುಟ್ಟಾಗಿರುವುದರಿಂದ ಕೊಳ್ಳುವ ಆಸೆಯಾಗುವುದು ಸಹಜ. ಕೊಳ್ಳುವ ಮುನ್ನ ಮಣೆಯ ಪಕ್ಕದ ಮರದ ಮೇಲೆ ಸುಟ್ಟು ಒತ್ತಿದ ಮುದ್ರೆಯನ್ನು ಹುಡುಕಿ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಮರದ ಪ್ಯಾಲೆಟ್‌ಗಳನ್ನು ಹುಳುವಿಲ್ಲದಂತೆ ಸಂಸ್ಕರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2002ರಲ್ಲಿ ಬಂತು. ಗೋಧಿ ತೆನೆಯ ಚಿತ್ರವಿರುವ ಈ ಮುದ್ರೆಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. 'ಎಚ್.ಟಿ.' ಎಂದಿದ್ದರೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆ ಎಂದರ್ಥ. 'ಎಂ.ಬಿ.' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಎಂದರ್ಥ. ಧಾನ್ಯಕ್ಕೆ ಎಚ್.ಟಿ. ಮುದ್ರೆಯದನ್ನೇ ಆರಿಸಿ.

ಆದರೆ ಮುದ್ರೆ ಹೇಳುವುದು ಮರದ ಹುಳುವಿನ ಮಾತು ಮಾತ್ರ. ಆ ಮಣೆಯ ಮೇಲೆ ಆಮೇಲೆ ಏನು ಚೆಲ್ಲಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಕಲೆ, ಜಿಡ್ಡು, ಔಷಧಿಯ ಘಾಟು ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ತೊಳೆದರೆ ಹೋಗುತ್ತದೆ ಎಂದು ಮಾರುವವನು ಹೇಳಿಯೇ ಹೇಳುತ್ತಾನೆ. ಮರ ಕುಡಿದದ್ದು ತೊಳೆದರೆ ಹೋಗುವುದಿಲ್ಲ.

ಇದೇ ಮಾತು ನಮ್ಮ ಸ್ವಂತ ಮಣೆಗಳಿಗೂ ಅನ್ವಯಿಸುತ್ತದೆ. ಮುಂಗಾರಿನಲ್ಲಿ ಯೂರಿಯಾ, ಕೀಟನಾಶಕ ಇಟ್ಟ ಮಣೆಯ ಮೇಲೆಯೇ ಸುಗ್ಗಿಯಲ್ಲಿ ರಾಗಿ ಇಡುವುದನ್ನು ನಾವು ಎಷ್ಟೋ ಕಡೆ ಕಾಣುತ್ತೇವೆ. ಯೂರಿಯಾ ಗಾಳಿಯ ತೇವವನ್ನು ಎಳೆದು ಮಣೆಯನ್ನು ಸದಾ ಒದ್ದೆಯಾಗಿಡುತ್ತದೆ. ಕೀಟನಾಶಕದ ಕತೆ ಹೇಳಬೇಕಾಗಿಯೇ ಇಲ್ಲ. ಗೊಬ್ಬರ, ಔಷಧಿಯ ಮಣೆಗಳ ನಾಲ್ಕು ಮೂಲೆಗೂ ಕೆಂಪು ಬಣ್ಣ ಬಳಿದು ಬೇರೆಯೇ ಇಡಿ. ಓದು ಬಾರದ ಆಳಿಗೂ ಗೊತ್ತಾಗುತ್ತದೆ.

ಬಿದಿರು, ಕಲ್ಲು, ಪ್ಲಾಸ್ಟಿಕ್, ಕಬ್ಬಿಣ

ಮಣೆ ಮಾಡಿಸುವ ಶಕ್ತಿ ಇಲ್ಲದವರಿಗೆ ಬಿದಿರಿನ ಚಾಪೆ ಒಳ್ಳೆಯದು. ಆದರೆ ಒಂದೇ ಚಾಪೆ ಸಾಲದು. ಕೆಳಗೊಂದು ಚಾಪೆ, ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ, ಮತ್ತೆ ಮೇಲೊಂದು ಚಾಪೆ ಹೀಗೆ ಮೂರು ಪದರ ಹಾಕಬೇಕು. ಹಾಳೆ ತೇವ ತಡೆಯುತ್ತದೆ, ಚಾಪೆಗಳು ಹಾಳೆ ಹರಿಯದಂತೆ ಕಾಯುತ್ತವೆ. ಎರಡು ಮೂರು ತಿಂಗಳ ದಾಸ್ತಾನಿಗೆ ಇದು ಸಾಕು. ಮಳೆಗಾಲ ದಾಟಿಸಬೇಕಾದರೆ ಮಣೆಯೇ ಬೇಕು. ಬತ್ತದ ಹುಲ್ಲು ಹಾಸುವ ರೂಢಿ ಮಾತ್ರ ಬಿಡಬೇಕು. ಅದು ತೇವ ಹಿಡಿಯುತ್ತದೆ, ಇಲಿ ಗೂಡು ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕಲ್ಲಿನ ಚಪ್ಪಡಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಸಣ್ಣ ಕಲ್ಲುಗಂಬದ ತುಂಡುಗಳ ಮೇಲೆ ಚಪ್ಪಡಿ ಜೋಡಿಸಿದ ಕಟ್ಟೆಗಳು ಹಳೆಯ ಮನೆಗಳಲ್ಲಿ ಇನ್ನೂ ಇವೆ. ಗೆದ್ದಲಿಲ್ಲ, ಕುಟ್ಟೆಯಿಲ್ಲ, ಮುರಿಯುವ ಭಯವಿಲ್ಲ. ಒಂದೇ ದೋಷವೆಂದರೆ ರಾತ್ರಿ ಕಲ್ಲು ಬೇಗ ತಣ್ಣಗಾಗಿ ಬೆವರುತ್ತದೆ. ಮೇಲೊಂದು ಬಿದಿರಿನ ಚಾಪೆ ಹಾಸಿದರೆ ಆ ದೋಷವೂ ಹೋಗುತ್ತದೆ. ಸ್ವಂತ ಗೋದಾಮು ಇರುವವರು ಇದನ್ನು ಯೋಚಿಸಬಹುದು. ಬಾಡಿಗೆಯವರಿಗೆ ಸಾಧ್ಯವಿಲ್ಲ.

ಪ್ಲಾಸ್ಟಿಕ್ ಮಣೆ ನೀರು ಹೀರದು, ಹುಳುವಿಗೆ ಎಡೆ ಕೊಡದು, ತೊಳೆದು ಮರುದಿನವೇ ಬಳಸಬಹುದು. ಬಿತ್ತನೆ ಬೀಜದ ದಾಸ್ತಾನಿಗೆ, ಬಿಸಿಲು ಬೀಳದ ಒಳ್ಳೆಯ ಗೋದಾಮಿಗೆ ಇದು ಬಹಳ ಯೋಗ್ಯ. ಕೊಳ್ಳುವಾಗ ಅದರ ಮೇಲೆ ನಮೂದಿಸಿರುವ ಭಾರದ ಅಂಕಿಗಳನ್ನು ಓದಿ. ನೆಲದ ಮೇಲೆ ನಿಂತಾಗ ಹೊರುವ ಭಾರ ಬೇರೆ, ಯಂತ್ರದಿಂದ ಎತ್ತಿದಾಗ ಹೊರುವ ಭಾರ ಬೇರೆ, ಎರಡನೆಯದು ತುಂಬಾ ಕಡಿಮೆ. ನಮ್ಮ ಗೋದಾಮುಗಳಲ್ಲಿ ಮಣೆ ನಿಂತಲ್ಲೇ ಇರುವುದರಿಂದ ಮೊದಲಿನ ಅಂಕಿ ನೋಡಿದರೆ ಸಾಕು. ನುಣುಪಾದ ಪ್ಲಾಸ್ಟಿಕ್ ಮಣೆಯ ಮೇಲೆ ಪ್ಲಾಸ್ಟಿಕ್ ಚೀಲ ಜಾರುತ್ತದೆ, ಆದ್ದರಿಂದ ಅಂಥ ಅಟ್ಟಿಯನ್ನು ಎತ್ತರಕ್ಕೆ ಕಟ್ಟಬೇಡಿ. ಬಿಸಿಲಿನಲ್ಲಿ ಬಿಟ್ಟ ಪ್ಲಾಸ್ಟಿಕ್ ಒಣಗಿ ಬಿರಿಯುತ್ತದೆ. ಕಬ್ಬಿಣದ ಮಣೆ ತುಕ್ಕು ಹಿಡಿದು ಚೀಲಕ್ಕೆ ಕಲೆ ಮಾಡುತ್ತದೆ, ಅಂಚು ಗೋಣಿ ಹರಿಯುತ್ತದೆ. ಧಾನ್ಯಕ್ಕೆ ಅದು ಬೇಡ.

ಗೋದಾಮು ಎಲ್ಲಿರಬೇಕು?

ಒಳ್ಳೆಯ ಮಣೆ ಕೆಟ್ಟ ಜಾಗವನ್ನು ಒಳ್ಳೆಯದು ಮಾಡಲಾರದು. ನಮ್ಮ ಮೂರು ತಾಲ್ಲೂಕುಗಳಿಗೂ ಬೇರೆ ಬೇರೆ ತೊಂದರೆಗಳಿವೆ.

ಕೊಳ್ಳೇಗಾಲದವರು ಮೊದಲು ನೋಡಬೇಕಾದ್ದು ಕಾವೇರಿಯ ನೀರಿನ ಮಟ್ಟ. 2018 ಮತ್ತು 2019ರ ಮಳೆಗಾಲದಲ್ಲಿ ನದಿ ಉಕ್ಕಿ ದಾಸನಪುರ, ಮುಳ್ಳೂರು ಮುಂತಾದ ದಡದ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ನೀವು ಮರೆತಿರಲಾರಿರಿ. ನಾಲ್ಕು ಅಂಗುಲದ ಮಣೆ ನೆಲದ ತೇವಕ್ಕೆ ಮದ್ದು, ನೆರೆಗೆ ಅಲ್ಲ. ಆ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಎಂದು ಊರವರನ್ನು ಕೇಳಿ, ಅದಕ್ಕಿಂತ ಎತ್ತರದ ಜಾಗದಲ್ಲಿರುವ ಗೋದಾಮನ್ನೇ ಹಿಡಿಯಿರಿ. ಜೂನ್ ನಂತರವೂ ಮಾಲು ಇಡುವವರು ಇದನ್ನು ತಪ್ಪದೆ ವಿಚಾರಿಸಬೇಕು.

ಯಳಂದೂರಿನದು ಗದ್ದೆ, ಕೆರೆ, ನಾಲೆಗಳ ನಾಡು. ಸುವರ್ಣಾವತಿಯ ನೀರು ಹರಿಯುವಷ್ಟು ಕಾಲ ನೆಲದೊಳಗಿನ ನೀರೂ ಮೇಲೆಯೇ ಇರುತ್ತದೆ. ಗದ್ದೆ ಅಂಚಿನಲ್ಲಿ, ನಾಲೆ ಏರಿಯ ಪಕ್ಕ ಕಟ್ಟಿದ ಗೋದಾಮುಗಳ ಗೋಡೆಯಲ್ಲಿ ಮೊಳದೆತ್ತರಕ್ಕೆ ಸುಣ್ಣ ಉದುರಿ, ಬಿಳಿ ಉಪ್ಪು ಕಾಣುತ್ತಿದ್ದರೆ ಅದು ನೀರು ಏರುತ್ತಿರುವ ಗುರುತು. ಹೊಸದಾಗಿ ಬಣ್ಣ ಬಳಿದಿದ್ದರೆ ಕೈಯಿಂದ ತಟ್ಟಿನೋಡಿ. ಇಲ್ಲಿ ಮೇಲೆ ಹೇಳಿದ ಹಾಳೆ ಪರೀಕ್ಷೆಯನ್ನು ಬಿಡಲೇಬಾರದು. ನೆಲ ಸ್ವಲ್ಪ ಅನುಮಾನವಿದ್ದರೂ ಮಣೆಯ ಕೆಳಗೆ ಪಾಲಿಥೀನ್ ಹಾಳೆಯನ್ನೂ ಹಾಸಿ.

ಹನೂರಿನ ಕಡೆ ನೆಲ ಒಣ, ಆದರೆ ಕೆಮ್ಮಣ್ಣಿನಲ್ಲಿ ಗೆದ್ದಲು. ಮಣೆಯ ಕಾಲು, ಗೋಡೆಯ ಮೂಲೆಗಳಲ್ಲಿ ಮಣ್ಣಿನ ಸಣ್ಣ ಸುರಂಗ ಏರಿದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ಅಲ್ಲಿನ ಇನ್ನೊಂದು ಸಂಕಟಕ್ಕೆ ಯಾವ ಮಣೆಯೂ ಉಪಾಯವಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಆನೆ ರಾಗಿಯ ವಾಸನೆ ಹಿಡಿದು ಬಂದರೆ ಶೀಟಿನ ಕೊಟ್ಟಿಗೆ ಯಾವ ಲೆಕ್ಕ? ಅಂಥ ಕಡೆಯವರು ಸಾಗಾಣಿಕೆ ಖರ್ಚಾದರೂ ಮಾಲನ್ನು ಪಟ್ಟಣದ ಗೋದಾಮಿಗೆ ಸಾಗಿಸುವುದೇ ಕ್ಷೇಮ.

ಹನೂರಿನ ಮುಸುಕಿನ ಜೋಳದ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ಭಾಗಕ್ಕೆ ಹಿಂಗಾರು ಮಳೆ ಅಕ್ಟೋಬರ್, ನವೆಂಬರಿನಲ್ಲಿ ಜೋರು. ಜೋಳ ಕೊಯ್ಲಿಗೆ ಬರುವುದೂ ಆಗಲೇ. ಅರೆಒಣಗಿದ ಜೋಳವನ್ನು ಚೀಲಕ್ಕೆ ತುಂಬಿ ನೆಲದ ಮೇಲೆ ಇಟ್ಟರೆ ಹಸಿರು ಹಳದಿ ಬೂಷ್ಟು ಬೆಳೆದು, ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಬೇಯಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಕೋಳಿ, ಹಸುಗಳಿಗೂ ಅಪಾಯ, ಹಾಲಿನ ಮೂಲಕ ಮಕ್ಕಳಿಗೂ ಬರುತ್ತದೆ. ಕಡಲೆಕಾಯಿಗೂ ಇದೇ ಭಯ. ದಾಸ್ತಾನಿಗೆ ಮುನ್ನ ಮುಸುಕಿನ ಜೋಳ, ರಾಗಿಗಳ ತೇವಾಂಶ ಶೇಕಡಾ 12ಕ್ಕೆ, ಭತ್ತದ್ದು 13ಕ್ಕೆ, ಕಡಲೆಕಾಯಿಯದು 8ಕ್ಕೆ ಇಳಿದಿರಬೇಕು. ಅಳೆಯುವ ಯಂತ್ರ ಇಲ್ಲದಿದ್ದರೆ ಒಣಗಿದ ಗಾಜಿನ ಸೀಸೆಗೆ ಒಂದು ಹಿಡಿ ಕಾಳು, ಒಂದು ಚಮಚ ಒಣ ಪುಡಿಯುಪ್ಪು ಹಾಕಿ ಚೆನ್ನಾಗಿ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ. ಅಂಟದಿದ್ದ ಮಾತ್ರಕ್ಕೆ 12ಕ್ಕೆ ಇಳಿದಿದೆ ಎಂದು ತಿಳಿಯಬೇಡಿ, ಇನ್ನೊಂದೆರಡು ಬಿಸಿಲು ಕೊಡಿ.

ಮೂರೂ ಕಡೆಗೆ ಸಲ್ಲುವ ಮಾತು ಇಷ್ಟು: ಗೋದಾಮಿನ ತಳಪಾಯ ಸುತ್ತಲ ನೆಲಕ್ಕಿಂತ ಎರಡೂವರೆ ಅಡಿಯಾದರೂ ಎತ್ತರವಿರಲಿ, ಗವಾಕ್ಷಿಗಳಿಗೆ ತಂತಿಬಲೆ ಇರಲಿ, ಬಾಗಿಲ ಅಡಿಯಲ್ಲಿ ಬೆರಳು ತೂರುವ ಸಂದು ಇರದಿರಲಿ. ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಮುಚ್ಚಿಸಿ ಮೇಲೆ ನೋಡಿ. ಶೀಟಿನಲ್ಲಿ ಎಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲಿ ಮಳೆಗಾಲದಲ್ಲಿ ನೀರು ಬೀಳುತ್ತದೆ.

ಅಟ್ಟಿ ಕಟ್ಟುವುದು

ಗೋಡೆಯಿಂದ ಅಟ್ಟಿಗೆ ಎರಡಡಿಯಾದರೂ ದೂರವಿರಬೇಕು. ಒಬ್ಬ ಮನುಷ್ಯ ಅಡ್ಡಲಾಗಿ ನಡೆದು ಸುತ್ತಲೂ ನೋಡುವಂತಿರಬೇಕು. ಜಾಗ ಉಳಿಸಲು ಗೋಡೆಗೆ ಒರಗಿಸಿದ ಅಟ್ಟಿಯ ಹಿಂಭಾಗವನ್ನು ಯಾರೂ ನೋಡುವುದಿಲ್ಲ, ಇಲಿಯೊಂದನ್ನು ಬಿಟ್ಟು. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಜೋಡಿಸಿದರೆ ಅಟ್ಟಿ ಬಿಗಿಯಾಗಿ ನಿಲ್ಲುತ್ತದೆ. ಚೀಲ ಮಣೆಯ ಅಂಚು ಮೀರಿ ಹೊರಗೆ ಚಾಚಬಾರದು.

ಹುಳು ಕಂಡರೆ ಏನು ಮಾಡಬೇಕು? ಖಾಲಿ ಗೋದಾಮಿನ ನೆಲ, ಗೋಡೆ, ಮಣೆಗಳಿಗೆ ಲೀಟರ್ ನೀರಿಗೆ 10 ಮಿಲಿಲೀಟರ್ ಮೆಲಾಥಿಯಾನ್ 50 ಇ.ಸಿ. ಬೆರೆಸಿ, 100 ಚದರ ಮೀಟರಿಗೆ 3 ಲೀಟರ್‌ನಂತೆ ಸಿಂಪಡಿಸಬಹುದು. ಮಣೆ ಪೂರ್ತಿ ಒಣಗಿದ ಮೇಲೆಯೇ ಚೀಲ ಹೇರಬೇಕು, ಧಾನ್ಯದ ಮೇಲೆ ಸಿಂಪಡಿಸಲೇಬಾರದು. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ವಿಷಾನಿಲ ಹಾಯಿಸುವ ಕೆಲಸವನ್ನು ತರಬೇತಿ, ಪರವಾನಗಿ ಪಡೆದವರೇ ಮಾಡಬೇಕು. ಮನೆಯಲ್ಲಿ ಇಟ್ಟ ಮೂಟೆಯೊಳಗೆ ಈ ಮಾತ್ರೆ ಹಾಕುವುದೆಂದರೆ ಮಲಗಿದ ಮನೆಮಂದಿಯ ಜೀವದ ಜೊತೆ ಆಟ. ಗೋದಾಮಿನಲ್ಲಿ ಅನಿಲ ಹಾಯಿಸುವಾಗಲೂ ಅಡಿಮಣೆ ನೆರವಾಗುತ್ತದೆ. ಹೊದಿಕೆಯ ಕೆಳಗೆ ಅನಿಲ ಅಟ್ಟಿಯ ಅಡಿಯಿಂದಲೂ ಹರಡಿ, ಕೆಳಸಾಲಿನ ಹುಳುವನ್ನೂ ತಲುಪುತ್ತದೆ.

ಖಾಲಿ ಮಣೆಗಳನ್ನು ಇಡುವ ಬಗೆ

ಮಾಲು ಮಾರಿದ ಮೇಲೆ ಮಣೆಗಳನ್ನು ಗೋದಾಮಿನ ಹೊರಗೆ ಗೋಡೆಗೆ ಒರಗಿಸಿ ಮರೆಯುವುದು ಸಾಮಾನ್ಯ. ಒಂದು ಮಳೆಗಾಲ ಕಳೆದರೆ ಅರ್ಧ ಗೆದ್ದಲಿಗೆ, ಅರ್ಧ ಒಲೆಗೆ. ಕಲ್ಲಿನ ಮೇಲೆ ಎರಡು ತೊಲೆ ಇಟ್ಟು, ಅದರ ಮೇಲೆ ಮಟ್ಟಸವಾಗಿ ಒಂದರ ಮೇಲೊಂದು, ಸೂರಿನಡಿ ಜೋಡಿಸಿ. ನಿಲ್ಲಿಸಿ ಒರಗಿಸಿದ ಮಣೆ ಮಗುವಿನ ಮೇಲೋ ಕರುವಿನ ಮೇಲೋ ಬಿದ್ದೀತು. ಆಳೆತ್ತರಕ್ಕಿಂತ ಮೇಲೆ ಪೇರಿಸಬೇಡಿ. ಸಂದುಗಳಲ್ಲಿ ಗಾಳಿ ಆಡುವ ಒಣ ಹಲಗೆಗಳ ರಾಶಿಗೆ ಬೆಂಕಿ ಬಿದ್ದರೆ ಸೌದೆ ಬಣವೆಗಿಂತ ಬೇಗ ಹತ್ತುತ್ತದೆ. ಆದ್ದರಿಂದ ಕರೆಂಟಿನ ಬೋರ್ಡು, ಮೋಟಾರು, ಹುಲ್ಲಿನ ಮೆದೆ ಇವುಗಳಿಂದ ದೂರವಿರಲಿ. ಪ್ಲಾಸ್ಟಿಕ್ ಮಣೆಗೂ ಬೆಂಕಿಯ ಭಯ ಕಡಿಮೆಯಿಲ್ಲ, ಹೊಗೆ ಇನ್ನೂ ಕೆಟ್ಟದ್ದು. ಹುಳು ಬಿದ್ದಿದ್ದ ಅಟ್ಟಿಯ ಮಣೆಗಳನ್ನು ಹೊಸ ಧಾನ್ಯವಿರುವ ಕೋಣೆಗೆ ತರುವ ಮೊದಲು ಬಿಸಿಲಿಗೆ ಹಾಕಿ ಕೊಡವಲೇಬೇಕು.

ರಸೀದಿಯ ವಿಷಯ

ಗೋದಾಮು ಆರಿಸುವಾಗ ಕೊನೆಯದಾಗಿ ಕೇಳಬೇಕಾದ್ದು ರಸೀದಿ. ಕೇಂದ್ರ ಉಗ್ರಾಣ ನಿಗಮ ಮತ್ತು ಕರ್ನಾಟಕ ರಾಜ್ಯ ಉಗ್ರಾಣ ನಿಗಮಗಳೆರಡೂ 1957ರಿಂದ ಇವೆ. 2007ರ ಉಗ್ರಾಣ ಕಾಯಿದೆಯಂತೆ ನೋಂದಣಿಯಾದ ಉಗ್ರಾಣಗಳು ಕೊಡುವ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. 2017ರಿಂದ ಈ ರಸೀದಿಗಳು ಕಂಪ್ಯೂಟರಿನಲ್ಲೇ ದಾಖಲಾಗುತ್ತಿವೆ. ಖಾಸಗಿಯವರ ಗೋದಾಮು ಹೀಗೆ ನೋಂದಣಿಯಾಗಿದೆಯೇ ಎಂದು ಮಾಲು ಇಳಿಸುವ ಮೊದಲೇ ಕೇಳಿ. ಚೀಲದ ಸಂಖ್ಯೆ ಮಾತ್ರ ಬರೆದ ಚೀಟಿ ಸಾಲದು. ತೂಕ, ದರ್ಜೆ, ಇಳಿಸಿದ ದಿನದ ತೇವಾಂಶ ಮೂರೂ ರಸೀದಿಯಲ್ಲಿ ಇರಬೇಕು. ವಿಮೆಯಲ್ಲಿ ಬೆಂಕಿ, ಕಳವಿನ ಜೊತೆ ನೆರೆ ಸೇರಿದೆಯೇ, ರೈತರಿಗೆ ಬಾಡಿಗೆಯಲ್ಲಿ ರಿಯಾಯಿತಿ ಉಂಟೇ ಎಂದೂ ವಿಚಾರಿಸಿ. ಹದಿನೈದು ದಿನಕ್ಕೊಮ್ಮೆ ನಿಮ್ಮ ಅಟ್ಟಿಯನ್ನು ನೋಡಲು ಬಿಡುತ್ತಾರೆಯೇ ಎಂಬುದೂ ಗೊತ್ತಿರಲಿ. ಬಿಟ್ಟರೆ, ಹೋದಾಗಲೆಲ್ಲ ಮಣೆಯ ಸಂದಿನಲ್ಲಿ ಕೈ ತೂರಿಸಿ ಕೆಳಚೀಲದ ಅಡಿಯನ್ನು ಮುಟ್ಟಿನೋಡಿ. ತಣ್ಣಗೆ ಒದ್ದೆಯೆನಿಸಿದರೆ, ಅಥವಾ ಬೆಚ್ಚಗೆ ಕಾವೇರಿದಂತಿದ್ದರೆ, ಅಂದೇ ಅಟ್ಟಿ ಬಿಚ್ಚಿಸಿ ಬಿಸಿಲಿಗೆ ಹಾಕಿಸಬೇಕು.